ನಮ್ಮ ಭಾಗದ ದೇಶಭಕ್ತ ರತ್ನಪ್ಪಣ್ಣ ಕುಂಭಾರ

ಭಾರತದ ಸಂವಿಧಾನಕ್ಕೆ ಸಹಿ ಮಾಡಿದವರು ಯಾರು ಎಂದು ಕೇಳಿದರೆ ನಮ್ಮ ವಿದ್ಯಾರ್ಥಿಗಳು ಒಡನೆಯೇ ಡಾ. ಬಾಬಾಸಾಹೇಬ ಅಂಬೇಡ್ಕರ್, ಬಾಬು ರಾಜೇಂದ್ರಪ್ರಸಾದ್, ಪಂಡಿತ ನೆಹರೂ, ಸರದಾರ ಪಟೇಲ್ ಎಂದು ಹೇಳುತ್ತಾರೆ. ಈ ಉತ್ತರ ಸರಿಯೇ. ಆದರೆ ಅದೇ ಹಾಳೆಗಳಲ್ಲಿ ದಾನೋಳಿಗೆ ಸಮೀಪದ ನಿಮಶಿರಗಾಂವದಲ್ಲಿ ಹುಟ್ಟಿದ ಒಬ್ಬರ ಸಹಿಯೂ ಇದೆ ಎಂಬುದು ನಮ್ಮಲ್ಲಿ ಬಹಳ ಜನರಿಗೆ ತಿಳಿಯದು. ಅವರೇ ರತ್ನಪ್ಪ ಭರಮಪ್ಪ ಕುಂಭಾರ. ಜನ ಅವರನ್ನು ಪ್ರೀತಿಯಿಂದ ರತ್ನಪ್ಪಣ್ಣ ಎಂದು ಕರೆದರು, ಗೌರವದಿಂದ ಹೆಸರಿನ ಹಿಂದೆ 'ದೇಶಭಕ್ತ' ಎಂದು ಸೇರಿಸಿದರು. ಅವರ ಜೀವನವನ್ನೂ ಅವರು ಮಾಡಿದ ಕಾರ್ಯವನ್ನೂ ಅದರಿಂದ ನಾವು ತಿಳಿಯಬೇಕಾದುದನ್ನೂ ಈ ಲೇಖನದಲ್ಲಿ ಸಂಕ್ಷೇಪವಾಗಿ ನೋಡೋಣ.

ನಾಡು ಮತ್ತು ಊರು

ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲೂಕು ನದಿಗಳ ನಾಡು. ಉತ್ತರಕ್ಕೆ ವಾರಣಾ, ಪೂರ್ವಕ್ಕೆ ಕೃಷ್ಣಾ, ನಡುವೆ ಪಂಚಗಂಗಾ. ಪಂಚಗಂಗೆಯು ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಅಲ್ಲಿಂದ ಮುಂದೆ ಸಾಗಿದ ಕೃಷ್ಣೆ ಬೆಳಗಾವಿ ಜಿಲ್ಲೆಯನ್ನು ಹೊಗುತ್ತಾಳೆ. ದಾನೋಳಿಯು ವಾರಣೆಯ ದಂಡೆಯ ಮೇಲಿನ ಊರು. ನಿಮಶಿರಗಾಂವಕ್ಕೆ ಕೊಲ್ಲಾಪುರ-ಮೀರಜ ರೈಲು ಮಾರ್ಗದಲ್ಲಿ ಒಂದು ಸಣ್ಣ ನಿಲ್ದಾಣವೂ ಇದೆ. ಈ ಸೀಮೆಯಲ್ಲಿ ಮರಾಠಿ ಮತ್ತು ಕನ್ನಡ ಎರಡೂ ಮನೆಮಾತುಗಳು. ರತ್ನಪ್ಪ, ಭರಮಪ್ಪ ಎಂಬ ಹೆಸರುಗಳನ್ನು ಕೇಳಿದರೆ ಸಾಕು, ಈ ನೆಲದಲ್ಲಿ ಎರಡು ನುಡಿಗಳು ಎಷ್ಟು ಹೊಂದಿಕೊಂಡು ಬಾಳಿವೆ ಎಂಬುದು ತಿಳಿಯುತ್ತದೆ.

ರತ್ನಪ್ಪಣ್ಣನವರು ಹುಟ್ಟಿದ್ದು 1909ನೆಯ ಇಸವಿ ಸೆಪ್ಟೆಂಬರ್ 15ರಂದು. ಮನೆತನದ ಹೆಸರೇ ಹೇಳುವಂತೆ ಅವರದು ಕುಂಬಾರರ ಮನೆತನ. ಹಿಂದಿನ ಕಾಲದ ಹಳ್ಳಿಯಲ್ಲಿ ಕುಂಬಾರನು ಆಯಗಾರರಲ್ಲಿ ಒಬ್ಬ. ಊರಿಗೆ ಗಡಿಗೆ, ಮಡಕೆ, ಕೊಡ, ಹಣತೆ ಕೊಡುವುದು ಅವನ ಕೆಲಸ. ಸುಗ್ಗಿಯ ಕಾಲಕ್ಕೆ ರೈತರ ಕಣದಿಂದ ಬರುವ ಕಾಳೇ ಅವನ ಸಂಬಳ. ಭೂಮಿಯ ಬಲವಾಗಲಿ ವತನದ ಬಲವಾಗಲಿ ಇಂಥವರಿಗೆ ಇರುತ್ತಿರಲಿಲ್ಲ. ಊರ ಪಂಚರ ಸಾಲಿನಲ್ಲಿ ಕುಳಿತು ಮಾತನಾಡುವುದೂ ಅಪರೂಪ. ಅಂಥ ಮನೆತನದಿಂದ ಬಂದ ಒಬ್ಬ ಹುಡುಗ ಮುಂದೆ ದೇಶದ ಕಾಯಿದೆಯನ್ನು ಬರೆದ ಸಭೆಯಲ್ಲಿ ಕುಳಿತನು. ಇದು ಹೇಗೆ ಸಾಧ್ಯವಾಯಿತು? ಇದಕ್ಕೆ ಉತ್ತರ ಹುಡುಕಬೇಕಾದರೆ ನಾವು ಮೊದಲು ಕೊಲ್ಲಾಪುರ ಸಂಸ್ಥಾನದ ಶಾಲೆಗಳ ಕಡೆಗೆ ನೋಡಬೇಕು.

ವಿದ್ಯೆಯ ಬಾಗಿಲು

ಆಗ ಕೊಲ್ಲಾಪುರವನ್ನು ಆಳುತ್ತಿದ್ದವರು ರಾಜರ್ಷಿ ಶಾಹೂ ಮಹಾರಾಜರು. ಅವರು 1894ರಿಂದ 1922ರ ವರೆಗೆ ಅಧಿಕಾರ ನಡೆಸಿದರು. 1902ರ ಜುಲೈ 26ರಂದು ಸಂಸ್ಥಾನದ ನೌಕರಿಗಳಲ್ಲಿ ಶೇಕಡಾ 50ನ್ನು ಹಿಂದುಳಿದ ಸಮಾಜಗಳಿಗೆ ಮೀಸಲಿಡುವ ಹುಕುಂ ಹೊರಡಿಸಿದರು. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯವಾಗಿಯೂ ಉಚಿತವಾಗಿಯೂ ಮಾಡಲು ಮುಂದಾದರು. ಹಳ್ಳಿಯ ಹುಡುಗರು ಶಹರಕ್ಕೆ ಬಂದು ಓದಬೇಕಾದರೆ ಇರಲು ಸ್ಥಳ ಬೇಕು, ಉಣ್ಣಲು ಅನ್ನ ಬೇಕು. ಆದಕಾರಣ ಬೇರೆ ಬೇರೆ ಸಮಾಜದ ಹುಡುಗರಿಗಾಗಿ ವಸತಿಗೃಹಗಳು ಎದ್ದವು. ಮರಾಠ, ಜೈನ, ಲಿಂಗಾಯತ, ಮುಸಲ್ಮಾನ, ದಲಿತ, ಹೀಗೆ ಒಂದೊಂದಾಗಿ ಬಾಗಿಲು ತೆರೆದವು.

ಬಾಲಕ ರತ್ನಪ್ಪನು ಊರಿನ ಶಾಲೆ ಮುಗಿಸಿ ಕೊಲ್ಲಾಪುರದ ರಾಜಾರಾಮ ಹೈಸ್ಕೂಲಿಗೂ ಬಳಿಕ ರಾಜಾರಾಮ ಕಾಲೇಜಿಗೂ ಸೇರಿದ್ದು ಇಂಥ ವಾತಾವರಣದಲ್ಲಿ. ರಾಜಾರಾಮ ಕಾಲೇಜು ನಮ್ಮ ಕನ್ನಡಿಗರಿಗೂ ಹೊಸದಲ್ಲ. ಶಾಸನ ಮತ್ತು ಹಳಗನ್ನಡದ ವಿದ್ವಾಂಸರಾದ ಕೆ. ಜಿ. ಕುಂದಣಗಾರರು ಅಲ್ಲಿಯೇ ಕನ್ನಡ ಕಲಿಸಿದರು. ಸದಲಗಾದವರಾದ ಡಾ. ಆ. ನೇ. ಉಪಾಧ್ಯೆಯವರು ಅಲ್ಲಿಯೇ ಪ್ರಾಕೃತ ಕಲಿಸಿದರು. ಇಬ್ಬರೂ ಮುಂದೆ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಡಾ. ವಿ. ಕೃ. ಗೋಕಾಕರು ಆ ಕಾಲೇಜಿನ ಪ್ರಾಚಾರ್ಯರಾಗಿದ್ದರು. ಕುಂಬಾರರ ಮನೆತನದ ಒಬ್ಬ ಹುಡುಗ ಅಂಥ ಕಾಲೇಜಿನ ಮೆಟ್ಟಿಲು ಹತ್ತಿದ್ದೇ ಆ ಕಾಲಕ್ಕೆ ಒಂದು ದೊಡ್ಡ ಸಂಗತಿ.

ಓದಿದ ಹುಡುಗನಿಗೆ ಸಂಸ್ಥಾನದ ನೌಕರಿ ಸಿಗುವ ದಾರಿ ತೆರೆದಿತ್ತು. ಆದರೆ ರತ್ನಪ್ಪಣ್ಣನವರು ಆ ದಾರಿ ಹಿಡಿಯಲಿಲ್ಲ. ಜನರ ಹಕ್ಕಿಗಾಗಿ ಹೋರಾಡುವ ದಾರಿಯನ್ನು ಹಿಡಿದರು.

ಸಂಸ್ಥಾನದ ಪ್ರಜೆ ಎಂದರೇನು?

ಇಂದಿನ ಮಕ್ಕಳಿಗೆ ಸಂಸ್ಥಾನ ಎಂದರೆ ಅರಮನೆ, ಆನೆ, ದಸರೆಯ ಮೆರವಣಿಗೆ ಇಷ್ಟೇ ನೆನಪಾಗುತ್ತದೆ. ಆದರೆ ಅಲ್ಲಿ ಬಾಳಿದ ರೈತನ ಸ್ಥಿತಿ ಬೇರೆಯೇ ಆಗಿತ್ತು. ಬ್ರಿಟಿಷರ ನೇರ ಆಡಳಿತವಿದ್ದ ಮುಂಬಯಿ ಇಲಾಖೆಯಲ್ಲಿ 1937ರ ಹೊತ್ತಿಗೆ ಚುನಾವಣೆಯಾಗಿ ಜನರ ಮಂತ್ರಿಗಳು ಬಂದಿದ್ದರು. ಹತ್ತಿರದ ಬೆಳಗಾವಿ ಜಿಲ್ಲೆಯ ರೈತನು ತನ್ನ ಪ್ರತಿನಿಧಿಯನ್ನು ಆರಿಸಿ ಕಳಿಸುತ್ತಿದ್ದನು. ಆದರೆ ಗಡಿಯ ಈಚೆಗೆ ಸಂಸ್ಥಾನದಲ್ಲಿದ್ದ ರೈತನು ಕಂದಾಯ ಎಷ್ಟು, ಅದು ಯಾವುದಕ್ಕೆ ಖರ್ಚಾಯಿತು ಎಂದು ಕೇಳುವ ಹಕ್ಕಿಲ್ಲದೆ ಬದುಕುತ್ತಿದ್ದನು. ಮೇಲೆ ಮಹಾರಾಜರು, ಅವರ ಮೇಲೆ ಬ್ರಿಟಿಷ್ ರೆಸಿಡೆಂಟರು. ಕೆಳಗೆ ಇಚಲಕರಂಜಿ, ಕಾಗಲ, ವಿಶಾಳಗಡ ಮೊದಲಾದ ಜಹಗೀರುಗಳು. ಹೀಗೆ ಒಬ್ಬ ಪ್ರಜೆಯ ಮೇಲೆ ಮೂರು ದೊರೆತನ. ಇದೇ ಶಿರೋಳದ ಮಗ್ಗುಲಲ್ಲಿ ಕುರುಂದವಾಡವು ಪಟವರ್ಧನರ ಬೇರೆ ಸಂಸ್ಥಾನ. ಒಂದು ಹೊಳೆ ದಾಟಿದರೆ ಕಾಯಿದೆ ಬೇರೆ, ಸುಂಕ ಬೇರೆ.

1938ರಲ್ಲಿ ಹರಿಪುರಾದಲ್ಲಿ ನಡೆದ ಕಾಂಗ್ರೆಸ್ ಅಧಿವೇಶನವು ಸಂಸ್ಥಾನಗಳ ಪ್ರಜೆಗಳು ತಮ್ಮದೇ ಸಂಘಟನೆ ಕಟ್ಟಿಕೊಂಡು ಹೋರಾಡಬೇಕೆಂಬ ನೀತಿಯನ್ನು ಒಪ್ಪಿತು. ಅದೇ ವರ್ಷ ಮೈಸೂರು ಸಂಸ್ಥಾನದಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ ನಡೆಯಿತು, ವಿದುರಾಶ್ವತ್ಥದಲ್ಲಿ ಗೋಲೀಬಾರು ಆಯಿತು. 1939ರಲ್ಲಿ ನಮ್ಮ ರಾಮದುರ್ಗ ಸಂಸ್ಥಾನದಲ್ಲಿ ರಕ್ತಪಾತವಾಯಿತು. ಕೊಲ್ಲಾಪುರದಲ್ಲಿಯೂ ಇದೇ ಕಾಲಕ್ಕೆ ಪ್ರಜಾ ಪರಿಷತ್ತು ತಲೆ ಎತ್ತಿತು. ಅದರ ಹಿರಿಯ ಮುಂದಾಳು ಚಿತ್ರಕಾರರೂ ಸಮಾಜ ಸುಧಾರಕರೂ ಆಗಿದ್ದ ಭಾಯಿ ಮಾಧವರಾವ್ ಬಾಗಲರು. ಅವರ ಜೊತೆಗೆ ನಿಂತು ಹಳ್ಳಿಗಳಲ್ಲಿ ಪರಿಷತ್ತನ್ನು ಕಟ್ಟಿದವರಲ್ಲಿ ರತ್ನಪ್ಪಣ್ಣನವರು ಮುಖ್ಯರು.

ಪರಿಷತ್ತು ಕೇಳಿದ್ದು ಏನು? ಮಹಾರಾಜರನ್ನು ಇಳಿಸಬೇಕೆಂದು ಅದು ಮೊದಲಿಗೆ ಕೇಳಲಿಲ್ಲ. ಜವಾಬ್ದಾರಿ ಸರ್ಕಾರ ಕೊಡಿ ಎಂದಿತು. ಎಂದರೆ, ಜನರು ಆರಿಸಿದ ಸಭೆಗೆ ಮಂತ್ರಿಗಳು ಉತ್ತರ ಹೇಳಬೇಕು. ಸಭೆ ಸೇರುವ, ಪತ್ರಿಕೆ ನಡೆಸುವ ಸ್ವಾತಂತ್ರ್ಯ ಬೇಕು. ಸಾರಾ ಇಳಿಸಬೇಕು. ಇಂದು ನಮಗೆ ಇವು ಸಾಮಾನ್ಯವೆನಿಸುತ್ತವೆ. ಅಂದು ಇವನ್ನು ಕೇಳಿದವರಿಗೆ ಸಿಕ್ಕಿದ್ದು ಸೆರೆಮನೆ. 1939ರಲ್ಲಿ ರತ್ನಪ್ಪಣ್ಣನವರೂ ಬಂಧನಕ್ಕೆ ಒಳಗಾದರು.

ಭೂಗತ ವರ್ಷಗಳು

1942ರ ಆಗಸ್ಟ್ ತಿಂಗಳಲ್ಲಿ ಗಾಂಧೀಜಿಯವರು 'ಚಲೇಜಾವ್' ಕರೆ ಕೊಟ್ಟರು. ದೇಶದ ದೊಡ್ಡ ಮುಂದಾಳುಗಳೆಲ್ಲ ಒಂದೇ ರಾತ್ರಿಯಲ್ಲಿ ಸೆರೆಯಾದರು. ಆಗ ಚಳವಳಿಯ ಭಾರ ಹಳ್ಳಿ-ತಾಲೂಕುಗಳ ಕಾರ್ಯಕರ್ತರ ಹೆಗಲ ಮೇಲೆ ಬಿದ್ದಿತು. ಪಕ್ಕದ ಸಾತಾರಾ ಜಿಲ್ಲೆಯಲ್ಲಿ ನಾನಾ ಪಾಟೀಲರು ಪ್ರತಿಸರ್ಕಾರವನ್ನೇ ನಡೆಸಿದರು. ಕೊಲ್ಲಾಪುರ ಸಂಸ್ಥಾನದ ಗಾರಗೋಟಿಯಲ್ಲಿ 1942ರ ಡಿಸೆಂಬರಿನಲ್ಲಿ ಕಚೇರಿಯ ಮೇಲೆ ನಡೆದ ಮುತ್ತಿಗೆಯಲ್ಲಿ ಏಳು ಜನ ತರುಣರು ಪ್ರಾಣ ಕೊಟ್ಟರು.

ಈ ಕಾಲದಲ್ಲಿ ರತ್ನಪ್ಪಣ್ಣನವರು ಪೊಲೀಸರ ಕೈಗೆ ಸಿಗದೆ ಹಲವು ವರ್ಷ ಭೂಗತರಾಗಿದ್ದರು. ಭೂಗತ ಎಂಬ ಮಾತು ಪುಸ್ತಕದಲ್ಲಿ ಓದಲು ರೋಮಾಂಚಕವಾಗಿದೆ. ಆದರೆ ಅದರ ಅರ್ಥವನ್ನು ಸ್ವಲ್ಪ ಯೋಚಿಸಿರಿ. ಸ್ವಂತ ಮನೆಗೆ ಹೋಗುವಂತಿಲ್ಲ. ಒಂದೂರಲ್ಲಿ ಉಂಡರೆ ಇನ್ನೊಂದೂರಲ್ಲಿ ಮಲಗಬೇಕು. ಹಬ್ಬ, ಮದುವೆ, ಸಾವು ಯಾವುದಕ್ಕೂ ಬಂಧುಗಳ ಬಳಿ ನಿಲ್ಲುವಂತಿಲ್ಲ. ಇದೆಲ್ಲ ಒಬ್ಬನ ಧೈರ್ಯದಿಂದ ಮಾತ್ರ ಆಗುವುದಲ್ಲ. ರಾತ್ರಿ ಬಾಗಿಲು ಬಡಿದರೆ ತೆರೆಯುವ ಮನೆ ಬೇಕು. ತಾವು ಉಣ್ಣುವ ರೊಟ್ಟಿಯಲ್ಲಿ ಪಾಲು ಕೊಡುವ ತಾಯಿ ಬೇಕು. ಹೊಲದ ಗುಡಿಸಲಿನಲ್ಲಿ ಅಡಗಿಸಿ ಬೆಳಗಾಗುವ ತನಕ ಕಾವಲು ಕೂಡುವ ರೈತ ಬೇಕು. ಪೊಲೀಸರು ಬಂದು ಕೇಳಿದಾಗ ಊರಿಗೆ ಊರೇ ಬಾಯಿ ಮುಚ್ಚಿಕೊಂಡು ಇರಬೇಕು. ಇಂಥ ಮನೆಯವರ ಹೆಸರು ಯಾವ ಇತಿಹಾಸದ ಪುಸ್ತಕದಲ್ಲಿಯೂ ಬರುವುದಿಲ್ಲ. ಆದರೆ ಇವರಿಲ್ಲದೆ ಯಾವ ಭೂಗತ ಕಾರ್ಯಕರ್ತನೂ ಒಂದು ತಿಂಗಳು ಉಳಿಯಲಾರ. ರತ್ನಪ್ಪಣ್ಣನವರಿಗೆ ಮುಂದೆ ಹಳ್ಳಿಗಳ ಮೇಲೆ ಇದ್ದ ಹಿಡಿತದ ಬೇರು ಇಲ್ಲಿಯೇ ಇದೆ ಎಂದು ನಮಗೆ ತೋರುತ್ತದೆ. ಸಭೆಯಲ್ಲಿ ಭಾಷಣ ಕೇಳಿದವರು ಮತ ಕೊಡಬಹುದು. ಅನ್ನ ಇಕ್ಕಿದವರು ಮಾತ್ರ ನಮ್ಮವನೆಂದು ತಿಳಿಯುತ್ತಾರೆ.

ಸಂಸ್ಥಾನದ ವಿಲೀನ, ಸಂವಿಧಾನದ ಸಹಿ

1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾಯಿತು. ಆದರೆ ಕೊಲ್ಲಾಪುರದ ಪ್ರಜೆಗಳ ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ. 1948ರ ಮಾರ್ಚ್ ತಿಂಗಳಲ್ಲಿ ಸಾಂಗಲಿ, ಮೀರಜ, ಕುರುಂದವಾಡ, ಜಮಖಂಡಿ, ಮುಧೋಳ, ರಾಮದುರ್ಗ ಮೊದಲಾದ ದಕ್ಷಿಣದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಸೇರಿದವು. ಕೊಲ್ಲಾಪುರವು ಇವೆಲ್ಲಕ್ಕಿಂತ ದೊಡ್ಡದು. ಶಿವಾಜಿ ಮಹಾರಾಜರ ವಂಶದ ಗಾದಿಯೆಂಬ ಅಭಿಮಾನವೂ ಜನರಲ್ಲಿ ಇತ್ತು. ಸಂಸ್ಥಾನ ಬೇರೆಯಾಗಿಯೇ ಉಳಿಯಲಿ ಎನ್ನುವವರೂ ಇದ್ದರು, ವಿಲೀನವಾಗಲಿ ಎನ್ನುವವರೂ ಇದ್ದರು. ಪ್ರಜಾ ಪರಿಷತ್ತಿನ ಒಳಗೇ ಎರಡು ಮಾತು ಕೇಳಬರುತ್ತಿತ್ತು. ರತ್ನಪ್ಪಣ್ಣನವರು ವಿಲೀನದ ಪಕ್ಷದವರು. ಕೊನೆಗೆ 1949ರ ಮಾರ್ಚ್ 1ರಂದು ಕೊಲ್ಲಾಪುರವು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ಒಂದು ಜಿಲ್ಲೆಯಾಯಿತು.

ವಿಲೀನದಿಂದ ಪ್ರಜೆಗೆ ದೊರೆತದ್ದು ಏನು ಎಂದು ಯಾರಾದರೂ ಕೇಳಬಹುದು. ಉತ್ತರ ಸರಳ. ಮುಂದೆ ನಿಮಶಿರಗಾಂವದ ಕುಂಬಾರನೂ ಮುಂಬಯಿಯ ಗಿರಣಿ ಮಾಲಕನೂ ಒಂದೇ ಕಾಯಿದೆಯ ಕೆಳಗೆ, ಒಂದೊಂದೇ ಮತದ ಹಕ್ಕುಳ್ಳ ಪ್ರಜೆಗಳಾದರು.

ಆ ಒಂದೇ ಕಾಯಿದೆಯನ್ನು ರಚಿಸುವ ಕೆಲಸ ದಿಲ್ಲಿಯಲ್ಲಿ ನಡೆದಿತ್ತು. ಸಂವಿಧಾನ ಸಭೆಯು ಮೊದಲು ಸೇರಿದ್ದು 1946ರ ಡಿಸೆಂಬರ್ 9ರಂದು. ಆರಂಭದಲ್ಲಿ ಸಂಸ್ಥಾನಗಳ ಸ್ಥಾನಗಳು ಬಹುಪಾಲು ಬರಿದಾಗಿದ್ದವು. ಸಂಸ್ಥಾನಗಳು ಒಕ್ಕೂಟಕ್ಕೆ ಸೇರಿದ ಹಾಗೆಲ್ಲ ಅವುಗಳ ಪ್ರತಿನಿಧಿಗಳೂ ಬಂದು ಕುಳಿತರು. ಹಾಗೆ ಬಂದವರಲ್ಲಿ ಕೊಲ್ಲಾಪುರದ ರತ್ನಪ್ಪಣ್ಣನವರು ಒಬ್ಬರು. ನಮ್ಮ ಕನ್ನಡ ನಾಡಿನ ಎಸ್. ನಿಜಲಿಂಗಪ್ಪ, ಕೆಂಗಲ್ ಹನುಮಂತಯ್ಯ, ಆರ್. ಆರ್. ದಿವಾಕರರೂ ಅದೇ ಸಭೆಯ ಸದಸ್ಯರು. 1949ರ ನವೆಂಬರ್ 26ರಂದು ಸಭೆಯು ಸಂವಿಧಾನವನ್ನು ಅಂಗೀಕರಿಸಿತು. 1950ರ ಜನವರಿ 24ರಂದು 284 ಸದಸ್ಯರು ಅದಕ್ಕೆ ಸಹಿ ಹಾಕಿದರು. ಎರಡು ದಿನಗಳ ಬಳಿಕ ನಮ್ಮ ದೇಶ ಗಣರಾಜ್ಯವಾಯಿತು.

ಆಗ ರತ್ನಪ್ಪಣ್ಣನವರಿಗೆ 40 ವರ್ಷ. ಹತ್ತು ವರ್ಷಗಳ ಹಿಂದೆ ಯಾವ ಹಕ್ಕನ್ನು ಕೇಳಿದ್ದಕ್ಕಾಗಿ ಅವರನ್ನು ಸೆರೆಮನೆಗೆ ಹಾಕಿದ್ದರೋ ಅದೇ ಹಕ್ಕು ಈಗ ಮೂಲಭೂತ ಹಕ್ಕೆಂದು ಬರೆಯಲ್ಪಟ್ಟಿತ್ತು. ಅದರ ಕೆಳಗೆ ಅವರದೇ ಸಹಿ ಇತ್ತು.

ಗಾಣದಿಂದ ಕಾರಖಾನೆಗೆ

ಹೋರಾಟ ಮಾಡಿದವರೆಲ್ಲ ಕಟ್ಟುವ ಕೆಲಸಕ್ಕೆ ಇಳಿಯುವುದಿಲ್ಲ. ರತ್ನಪ್ಪಣ್ಣನವರ ಹೆಸರು ಇಂದಿಗೂ ಉಳಿಯಲು ಕಾರಣ ಅವರು ಕಟ್ಟುವ ಕೆಲಸವನ್ನು ಹಿಡಿದದ್ದು. ಅದರಲ್ಲಿ ದೊಡ್ಡದು ಇಚಲಕರಂಜಿಯ ಹತ್ತಿರ ಗಂಗಾನಗರದಲ್ಲಿ 1950ರ ದಶಕದಲ್ಲಿ ಎದ್ದು ನಿಂತ ಪಂಚಗಂಗಾ ಸಹಕಾರಿ ಸಕ್ಕರೆ ಕಾರಖಾನೆ.

ಇದರ ಮಹತ್ವ ತಿಳಿಯಬೇಕಾದರೆ ಕಬ್ಬಿನ ಸ್ವಭಾವ ತಿಳಿಯಬೇಕು. ಜೋಳವನ್ನು ಹಗೇವಿನಲ್ಲಿ ತುಂಬಿಟ್ಟು ಬೆಲೆ ಬಂದಾಗ ಮಾರಬಹುದು. ಕಬ್ಬನ್ನು ಹಾಗೆ ಇಡಲಾಗದು. ಕಡಿದ ದಿನದಿಂದಲೇ ಅದರ ತೂಕ ಮತ್ತು ಸಿಹಿ ಇಳಿಯತೊಡಗುತ್ತವೆ. ಒಂದೆರಡು ದಿನಗಳಲ್ಲಿ ಅರೆಯಲೇ ಬೇಕು. ಆದುದರಿಂದ ಕಬ್ಬು ಬೆಳೆದವನು ಗಾಣದವನ ಅಥವಾ ಕಾರಖಾನೆಯವನ ಮಾತಿಗೆ ಒಪ್ಪಲೇ ಬೇಕಾಗುತ್ತದೆ. ಹಿಂದೆ ನಮ್ಮ ರೈತರು ಗಾಣ ಹೂಡಿ ಬೆಲ್ಲ ಮಾಡಿ ಕೊಲ್ಲಾಪುರದ ಪೇಟೆಗೆ ಒಯ್ಯುತ್ತಿದ್ದರು. ಬೆಲ್ಲ ಒಳ್ಳೆಯದೇ, ಅದಕ್ಕೆ ಹೆಸರೂ ಇತ್ತು. ಆದರೆ ಬೆಲೆಯನ್ನು ಗೊತ್ತು ಮಾಡುವವರು ಅಡತಿಯವರು. ಅವರಿಂದ ಮೊದಲೇ ಸಾಲ ತಂದವನು ಹೇಳಿದ ಬೆಲೆಗೆ ಕೊಟ್ಟು ಬರಬೇಕಾಗಿತ್ತು.

ಇದಕ್ಕೆ ಪರಿಹಾರವೇ ಸಹಕಾರ. ಅಹಮದನಗರ ಜಿಲ್ಲೆಯ ಪ್ರವರಾನಗರದಲ್ಲಿ ವಿಠ್ಠಲರಾವ್ ವಿಖೆ ಪಾಟೀಲರೂ ಅರ್ಥಶಾಸ್ತ್ರಜ್ಞ ಧನಂಜಯರಾವ್ ಗಾಡಗೀಳರೂ ಕೂಡಿ ರೈತರದೇ ಸಕ್ಕರೆ ಕಾರಖಾನೆಯನ್ನು ಕಟ್ಟಿದರು. 1950ರಲ್ಲಿ ಅದು ಸಕ್ಕರೆ ತೆಗೆಯಿತು. ಅದನ್ನು ನೋಡಿ ಮಹಾರಾಷ್ಟ್ರದ ಬೇರೆ ಭಾಗಗಳಲ್ಲಿಯೂ ಕಾರಖಾನೆಗಳು ಎದ್ದವು. ಪಂಚಗಂಗಾ ಅವುಗಳಲ್ಲಿ ಒಂದು.

ಸಹಕಾರಿ ಕಾರಖಾನೆ ನಡೆಯುವ ಬಗೆ ಹೀಗಿದೆ. ಕಬ್ಬು ಬೆಳೆಯುವ ರೈತರು ಶೇರು ಕೊಂಡು ಸಭಾಸದರಾಗುತ್ತಾರೆ. ಸರ್ಕಾರವೂ ಬಂಡವಾಳ ಹಾಕುತ್ತದೆ, ಉಳಿದುದು ಸಾಲ. ಸಭಾಸದರು ಸಂಚಾಲಕ ಮಂಡಳವನ್ನು ಆರಿಸುತ್ತಾರೆ, ಮಂಡಳವು ಚೇರಮನ್‌ರನ್ನು ಆರಿಸುತ್ತದೆ. ಮುಖ್ಯ ನಿಯಮವೆಂದರೆ, ಶೇರು ಎಷ್ಟೇ ಇರಲಿ, ಒಬ್ಬನಿಗೆ ಒಂದೇ ಮತ. ಹತ್ತು ಗುಂಟೆಯವನಿಗೂ ಒಂದು, ನಲವತ್ತು ಎಕರೆಯವನಿಗೂ ಒಂದು. ಕಂಪನಿಯಲ್ಲಿ ಹಣಕ್ಕೆ ಮತ, ಸಹಕಾರದಲ್ಲಿ ಮನುಷ್ಯನಿಗೆ ಮತ. ಸಂವಿಧಾನವು ದೇಶಕ್ಕೆ ಕೊಟ್ಟ ನಿಯಮವನ್ನೇ ಸಹಕಾರವು ಕಾರಖಾನೆಗೂ ಅನ್ವಯಿಸಿತು. ಸಂವಿಧಾನಕ್ಕೆ ಸಹಿ ಮಾಡಿದವರೇ ಬಂದು ಕಾರಖಾನೆ ಕಟ್ಟಿದ್ದರಲ್ಲಿ ಒಂದು ಅರ್ಥವಿದೆ.

ಲೆಕ್ಕವನ್ನೂ ಸ್ವಲ್ಪ ನೋಡೋಣ. ನಮ್ಮ ಭಾಗದ ಕಬ್ಬಿನಲ್ಲಿ ಸಕ್ಕರೆಯ ಉತಾರು ಸುಮಾರು ಶೇಕಡಾ 12. ಎಂದರೆ ಒಂದು ಟನ್ ಕಬ್ಬು ಅರೆದರೆ ಸುಮಾರು 120 ಕಿಲೋ ಸಕ್ಕರೆ. ದೇಶದಲ್ಲಿಯೇ ಇದು ಒಳ್ಳೆಯ ಉತಾರು. ಉಳಿದ ಸಿಪ್ಪೆಯನ್ನು ಬಾಯ್ಲರಿಗೆ ಹಾಕಿ ಉಗಿ ಮಾಡುತ್ತಾರೆ, ಅದರಿಂದಲೇ ಯಂತ್ರಗಳು ತಿರುಗುತ್ತವೆ. ಕಾಕಂಬಿಯಿಂದ ಮದ್ಯಸಾರ ಬರುತ್ತದೆ. ಹೊಲಸು ಗೊಬ್ಬರವಾಗಿ ಹೊಲಕ್ಕೆ ಮರಳುತ್ತದೆ. ಖಾಸಗಿ ಕಾರಖಾನೆಯಲ್ಲಿ ಇವೆಲ್ಲದರ ಲಾಭ ಮಾಲಕನಿಗೆ. ಸಹಕಾರಿಯಲ್ಲಿ ಅದು ಕಬ್ಬಿನ ಬಿಲ್ಲಿನ ರೂಪದಲ್ಲಿ ರೈತನಿಗೆ ಬರಬೇಕು. ಈ 'ಬರಬೇಕು' ಎಂಬ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದರ ವಿಚಾರ ಬರುತ್ತದೆ.

ನೂಲು, ಅಂಗಡಿ, ಕಾಲೇಜು

ರತ್ನಪ್ಪಣ್ಣನವರ ದೃಷ್ಟಿ ಕಬ್ಬಿನ ಮೇಲೆಯೇ ನಿಲ್ಲಲಿಲ್ಲ. ಇಚಲಕರಂಜಿಯಲ್ಲಿ 1904ರಲ್ಲಿಯೇ ವಿಠ್ಠಲರಾವ್ ದಾತಾರರು ಮೊದಲ ವಿದ್ಯುತ್ ಮಗ್ಗವನ್ನು ಹೂಡಿದ್ದರು. ಅಲ್ಲಿಯ ಜಹಗೀರದಾರರಾದ ನಾರಾಯಣರಾವ್ ಘೋರ್ಪಡೆಯವರು ಅದಕ್ಕೆ ಬೆಂಬಲವಿತ್ತರು. ಮುಂದೆ ಆ ಪಟ್ಟಣ 'ಮಹಾರಾಷ್ಟ್ರದ ಮ್ಯಾಂಚೆಸ್ಟರ್' ಎನಿಸಿಕೊಂಡಿತು. ನಮ್ಮ ಕನ್ನಡ ಹಳ್ಳಿಗಳಿಂದಲೂ ಎಷ್ಟೋ ಕುಟುಂಬಗಳು ಮಗ್ಗದ ಕೆಲಸಕ್ಕೆ ಅಲ್ಲಿಗೆ ಹೋಗಿ ನೆಲೆಸಿದವು. ಮಗ್ಗಕ್ಕೆ ಬೇಕಾದ ನೂಲು ಮಾತ್ರ ಹೊರಗಿನಿಂದ ಬರಬೇಕು. ವ್ಯಾಪಾರಿ ಹೇಳಿದ ಬೆಲೆಗೆ ಕೊಳ್ಳಬೇಕು. ಇಲ್ಲಿಯೂ ಕಬ್ಬಿನ ಕಥೆಯೇ. ಆದುದರಿಂದ ಹತ್ತಿ ಬೆಳೆಯುವವರನ್ನೂ ನೇಯುವವರನ್ನೂ ಕೂಡಿಸಿ ಕೊಲ್ಲಾಪುರ ಜಿಲ್ಲಾ ಶೇತಕರಿ ವಿಣಕರಿ ಸಹಕಾರಿ ನೂಲಿನ ಗಿರಣಿಯನ್ನು ಕಟ್ಟುವುದರಲ್ಲಿ ಅವರು ಮುಂದಾದರು. ಸಾಮಾನ್ಯ ಜನರಿಗೆ ಯೋಗ್ಯ ಬೆಲೆಗೆ ಸಾಮಾನು ಸಿಗಲೆಂದು ಕೊಲ್ಲಾಪುರದಲ್ಲಿ ಜನತಾ ಗ್ರಾಹಕ ಭಂಡಾರವನ್ನು ನಿಲ್ಲಿಸಿದರು. ಬೆಳೆಯುವವನು, ನೇಯುವವನು, ಕೊಳ್ಳುವವನು ಈ ಮೂವರೂ ನಡುವಣ ದಲಾಲಿಯಿಂದ ಬಿಡಿಸಿಕೊಳ್ಳಬೇಕು ಎಂಬುದೇ ಇವೆಲ್ಲವುಗಳ ಹಿಂದಿನ ವಿಚಾರ.

ಶಿಕ್ಷಣ ಕ್ಷೇತ್ರದಲ್ಲಿಯೂ ಅವರು ದುಡಿದರು. ಕೊಲ್ಲಾಪುರದ ವಾಣಿಜ್ಯ ಕಾಲೇಜಿಗೆ ಇಂದು ಅವರದೇ ಹೆಸರಿದೆ. ಸಂಸ್ಥೆ ನಡೆಸಲು ಲೆಕ್ಕ ಬರೆಯುವವರು, ಲೆಕ್ಕ ತಪಾಸುವವರು ಬೇಕು. ಹಳ್ಳಿಯ ಮಕ್ಕಳೇ ಅದನ್ನು ಕಲಿಯದಿದ್ದರೆ ಸಂಸ್ಥೆ ಹಳ್ಳಿಯವರ ಕೈಯಲ್ಲಿ ಬಹುಕಾಲ ಉಳಿಯುವುದಿಲ್ಲ.

ರಾಜಕಾರಣದಲ್ಲಿ ಅವರು ಶಿರೋಳ ಮತಕ್ಷೇತ್ರದಿಂದ ಮಹಾರಾಷ್ಟ್ರ ವಿಧಾನಸಭೆಗೆ ಆರಿಸಿ ಹೋದರು. 1970ರ ದಶಕದಲ್ಲಿ ರಾಜ್ಯದ ಮಂತ್ರಿಮಂಡಳದಲ್ಲಿ ರಾಜ್ಯಮಂತ್ರಿಗಳಾಗಿ ಗೃಹ, ಆಹಾರ ಮತ್ತು ನಾಗರಿಕ ಪೂರೈಕೆ ಖಾತೆಗಳನ್ನು ನೋಡಿದರು. ಒಂದು ಕಾಲಕ್ಕೆ ಪೊಲೀಸರಿಂದ ತಪ್ಪಿಸಿಕೊಂಡು ತಿರುಗಿದವರು ಪೊಲೀಸ್ ಖಾತೆಗೇ ಮಂತ್ರಿಯಾದದ್ದು ಕಾಲದ ಮಹಿಮೆ. 1985ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಕೊಟ್ಟು ಗೌರವಿಸಿತು. 1998ರ ಡಿಸೆಂಬರ್ 23ರಂದು, ತಮ್ಮ 89ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಪಂಚಗಂಗಾ ಕಾರಖಾನೆಗೆ ಅವರ ಹೆಸರನ್ನಿಟ್ಟರು.

ಅವರ ನಂತರ

ಇಲ್ಲಿಗೆ ಲೇಖನ ಮುಗಿಸಿದರೆ ಅದು ಬರೀ ಹೊಗಳಿಕೆಯಾದೀತು. ಹಿರಿಯರ ಜೀವನವನ್ನು ಓದುವುದು ಕೈ ಮುಗಿಯುವುದಕ್ಕಷ್ಟೇ ಅಲ್ಲ, ನಮ್ಮ ಕಾಲವನ್ನು ತಿಳಿಯುವುದಕ್ಕೂ ಹೌದು.

ಅವರು ಕಟ್ಟಿದ ಕಾರಖಾನೆಯು ನಂತರದ ವರ್ಷಗಳಲ್ಲಿ ಸಾಲದ ಭಾರಕ್ಕೆ ಸಿಲುಕಿತು. 2010ರ ಬಳಿಕ ಅದನ್ನು ನಡೆಸಲು ಒಂದು ಖಾಸಗಿ ಸಕ್ಕರೆ ಕಂಪನಿಗೆ ಗುತ್ತಿಗೆ ಕೊಡಬೇಕಾಯಿತು. ಇದು ಪಂಚಗಂಗಾ ಒಂದರದೇ ಕಥೆಯಲ್ಲ. ಮಹಾರಾಷ್ಟ್ರದಲ್ಲಿಯೂ ಕರ್ನಾಟಕದಲ್ಲಿಯೂ ಎಷ್ಟೋ ಸಹಕಾರಿ ಕಾರಖಾನೆಗಳು ಗುತ್ತಿಗೆಗೆ ಹೋದವು ಇಲ್ಲವೇ ಮಾರಾಟವಾದವು. ಕಾರಣಗಳು ಹಲವು. ಹತ್ತಿರ ಹತ್ತಿರ ಕಾರಖಾನೆಗಳು ಎದ್ದು ಒಂದೇ ಕಬ್ಬಿಗೆ ಪೈಪೋಟಿ. ಸಕ್ಕರೆಯ ಬೆಲೆಯಲ್ಲಿ ಏರಿಳಿತ. ಬೇಕಾದುದಕ್ಕಿಂತ ಹೆಚ್ಚು ನೌಕರರು. ಬಡ್ಡಿಯ ಹೊರೆ. ಇವೆಲ್ಲಕ್ಕೂ ಮಿಗಿಲಾಗಿ, ವಾರ್ಷಿಕ ಸಭೆಗೆ ಬಂದ ಸಭಾಸದರು ಲೆಕ್ಕ ಓದದೆ 'ಮಂಜೂರ್, ಮಂಜೂರ್' ಎಂದು ಕೂಗಿ ಚಹಾ ಕುಡಿದು ಮನೆಗೆ ಹೋಗುವ ರೂಢಿ. ಒಬ್ಬನಿಗೊಂದು ಮತ ಎಂಬ ಹಕ್ಕು ಇದ್ದರೆ ಸಾಲದು. ಅದನ್ನು ಬಳಸುವ ಮನಸ್ಸೂ ಬೇಕು. ಬಿಲ್ಲು ರೈತನಿಗೆ 'ಬರಬೇಕು' ಎಂದು ನಾವು ಹಿಂದೆ ಹೇಳಿದೆವು. ಅದು ಬರದಿದ್ದಾಗ ಇದೇ ಶಿರೋಳ ತಾಲೂಕಿನಲ್ಲಿ ರೈತ ಸಂಘಟನೆಗಳು ಎದ್ದವು. ಜಯಸಿಂಗಪುರದಲ್ಲಿ ಪ್ರತಿ ವರ್ಷ ಹಂಗಾಮಿಗೆ ಮುಂಚೆ ಕಬ್ಬಿನ ಪರಿಷತ್ತು ಸೇರಿ ಬೆಲೆಯನ್ನು ಕೇಳುವ ರೂಢಿ ಬೆಳೆಯಿತು. ಹಿಂದೆ ದರಬಾರಿಗೆ ಕೇಳಿದ ಪ್ರಶ್ನೆಯನ್ನು ಮೊಮ್ಮಕ್ಕಳು ಕಾರಖಾನೆಗಳಿಗೆ ಕೇಳಿದರು. ಇದರಲ್ಲಿ ತಪ್ಪೇನೂ ಇಲ್ಲ. ಕೇಳುವುದನ್ನು ಕಲಿಸಿದವರೇ ಹಿರಿಯರು.

ಇನ್ನೊಂದು ಪ್ರಶ್ನೆ ನೀರಿನದು. ಇಚಲಕರಂಜಿ ಬೆಳೆಯಿತು, 2022ರಲ್ಲಿ ಮಹಾನಗರಪಾಲಿಕೆಯೂ ಆಯಿತು. ಆದರೆ ಪಂಚಗಂಗೆಯ ನೀರು ಊರುಗಳ ಕೊಳಚೆಯಿಂದಲೂ ಕಾರಖಾನೆಗಳ ನೀರಿನಿಂದಲೂ ಕೆಟ್ಟಿತು. ಕುಡಿಯುವ ನೀರಿಗಾಗಿ ಪಟ್ಟಣವು ದಾನೋಳಿಯ ಬಳಿ ವಾರಣೆಯಿಂದ ಕೊಳವೆ ಹಾಕಲು ಹೊರಟಾಗ ನದಿ ದಂಡೆಯ ಹಳ್ಳಿಗಳು ವಿರೋಧಿಸಿದವು. 2018ರಲ್ಲಿ ದಾನೋಳಿಯಲ್ಲಿ ದೊಡ್ಡ ಪ್ರತಿಭಟನೆ ನಡೆಯಿತು. ಮುಂದೆ ದೂಧಗಂಗೆಯ ಸುಳಕೂಡದಿಂದ ನೀರು ತರುವ ಯೋಜನೆ ಬಂದಾಗ ಆ ದಂಡೆಯವರೂ ವಿರೋಧಿಸಿದರು. ಹಳ್ಳಿಯವರು ಹೇಳುವುದು, ನೀರು ಹೋದರೆ ನಮ್ಮ ಹೊಲದ ಗತಿಯೇನು, ಮೊದಲು ನಿಮ್ಮ ನದಿಯನ್ನು ಸ್ವಚ್ಛ ಮಾಡಿಕೊಳ್ಳಿರಿ. ಪಟ್ಟಣದವರು ಹೇಳುವುದು, ಕುಡಿಯುವ ನೀರು ಎಲ್ಲರ ಹಕ್ಕು, ನಾವೂ ನಿಮ್ಮವರೇ. ಎರಡೂ ಮಾತಿನಲ್ಲಿ ಸತ್ಯವಿದೆ. ನೇಕಾರನೂ ರೈತನೂ ಒಂದೇ ಗಿರಣಿಯ ಸಭಾಸದರಾಗಬೇಕೆಂದು ಬಯಸಿದ ಒಬ್ಬ ಮುಂದಾಳು ಬಾಳಿದ ತಾಲೂಕಿನಲ್ಲಿ ಅವರಿಬ್ಬರೂ ಒಂದು ಕೊಳವೆಯ ಎರಡು ತುದಿಗೆ ಎದುರಾಳಿಗಳಾಗಿ ನಿಂತದ್ದು ಯೋಚನೆಗೆ ಹಚ್ಚುವ ಸಂಗತಿ. ಇಬ್ಬರನ್ನೂ ಕೂಡಿಸಿ ಕುಳ್ಳಿರಿಸಿ ಮಾತನಾಡಿಸಬಲ್ಲವರು ಬೇಕಾಗಿದೆ. ಅಂಥವರು ಇಂದಿನ ಶಾಲೆಯ ಮಕ್ಕಳಲ್ಲಿಯೇ ಇರಬೇಕು.

ನಾವು ಕಲಿಯುವುದೇನು?

ರತ್ನಪ್ಪಣ್ಣನವರ ಜೀವನದಲ್ಲಿ ಮೂರು ಮೆಟ್ಟಿಲುಗಳು ಸ್ಪಷ್ಟವಾಗಿ ಕಾಣುತ್ತವೆ. ಮೊದಲು ಓದಿದರು. ಬಳಿಕ ಕೇಳಿದರು. ಆಮೇಲೆ ಕಟ್ಟಿದರು. ಓದದೆ ಕೇಳಿದರೆ ಅದು ಗದ್ದಲವಾಗುತ್ತದೆ. ಕೇಳಿ ಕಟ್ಟದಿದ್ದರೆ ಅದು ದೂರಾಗಿಯೇ ಉಳಿಯುತ್ತದೆ. ನಾಲ್ಕನೆಯ ಮೆಟ್ಟಿಲೊಂದಿದೆ, ಕಟ್ಟಿದ್ದನ್ನು ಕಾಯುವುದು. ಅದು ಒಬ್ಬ ಮುಂದಾಳಿನಿಂದ ಆಗುವ ಕೆಲಸವಲ್ಲ. ಅದು ಸಭಾಸದರ ಕೆಲಸ, ಎಂದರೆ ನಮ್ಮ ನಿಮ್ಮೆಲ್ಲರ ಕೆಲಸ.

ವಿದ್ಯಾರ್ಥಿಗಳು ಎರಡು ಸಣ್ಣ ಕೆಲಸಗಳನ್ನು ಮಾಡಬಹುದು. ಮನೆಯಲ್ಲಿ ಅಜ್ಜನ ಅಥವಾ ಅಪ್ಪನ ಪೆಟ್ಟಿಗೆಯಲ್ಲಿ ಯಾವುದಾದರೂ ಸಹಕಾರಿ ಸಂಘದ ಶೇರಿನ ಕಾಗದ ಇದ್ದರೆ ತೆಗೆದು ಓದಿರಿ. ಅದರ ಮೇಲೆ ಏನು ಬರೆದಿದೆ, ಕಳೆದ ವಾರ್ಷಿಕ ಸಭೆ ಎಂದು ನಡೆಯಿತು, ಮನೆಯವರು ಹೋಗಿದ್ದರೇ ಎಂದು ವಿಚಾರಿಸಿರಿ. ಇನ್ನು, ಸಂವಿಧಾನದ ಮೂಲ ಪ್ರತಿಯ ಚಿತ್ರಗಳು ಈಗ ಸುಲಭವಾಗಿ ದೊರೆಯುತ್ತವೆ. ಸಹಿಗಳಿರುವ ಹಾಳೆಗಳನ್ನು ಗುರುಗಳೊಡನೆ ಕುಳಿತು ನೋಡಿರಿ. ದೊಡ್ಡ ದೊಡ್ಡ ಹೆಸರುಗಳ ನಡುವೆ ಶಿರೋಳ ತಾಲೂಕಿನ ಒಂದು ಹಳ್ಳಿಯ ಹೆಸರನ್ನು ಹುಡುಕಿರಿ. ಪಾಲಕರು ಮಕ್ಕಳಿಗೆ ಇಷ್ಟು ಮಾತ್ರ ಹೇಳಿದರೆ ಸಾಕು: ಆ ಕಾಗದಕ್ಕೆ ಸಹಿ ಹಾಕಿದವರು ನಮ್ಮಂತೆಯೇ ಈ ಹೊಳೆಯ ನೀರು ಕುಡಿದು ಬೆಳೆದವರು.